ಡ್ಯೂಟಿಯಲ್ಲಿದ್ದಾಗ ಯಾರೋ ಹೊಡೆದರೆ ಯಾರನ್ನು ಕೇಳಬೇಕು?

ಪ್ರಶ್ನೆ: ನನ್ನ ತಮ್ಮ ಬೆಂಗಳೂರಿನ ಒಂದು ಮಾಲ್‌ನಲ್ಲಿ ಸೆಕ್ಯುರಿಟಿ ಗಾರ್ಡ್. ಗೇಟ್ ಮುಂದೆ ಬೈಕ್ ನಿಲ್ಲಿಸಬೇಡಿ ಅಂದಿದ್ದಕ್ಕೆ ಹೋದ ಭಾನುವಾರ ಒಬ್ಬ ಹೆಲ್ಮೆಟ್‌ನಲ್ಲಿ ಹೊಡೆದ. ಬಲಗೈ ಮಣಿಕಟ್ಟು ಮುರಿದಿದೆ. ಏಜೆನ್ಸಿಯವರು "ಹೊಡೆದವನನ್ನೇ ಕೇಳಿಕೋ" ಅಂತಾರೆ. ಮಾಲ್‌ನವರು "ಅವನು ನಮ್ಮ ಕೆಲಸದವನೇ ಅಲ್ಲ" ಅಂತಾರೆ. ಯಾರಿಗಾದರೂ ಹೀಗೆ ಆಗಿತ್ತಾ?

ಪೀಣ್ಯದಿಂದ: ನಮ್ಮ ಚಿಕ್ಕಪ್ಪ ಗೋಡೌನ್‌ನಲ್ಲಿ ರಾತ್ರಿ ಪಾಳಿ ಕಾಯುತ್ತಿದ್ದರು. 2018ರಲ್ಲಿ ಕಳ್ಳರು ರಾಡ್‌ನಿಂದ ಹೊಡೆದು ಕಾಲು ಮುರಿದರು. ಮೊದಲು ಆಸ್ಪತ್ರೆ ಚೀಟಿಯಲ್ಲಿ ಏನು ಬರೆದಿದ್ದಾರೆ ಅಂತ ನೋಡಿ. ಚಿಕ್ಕಪ್ಪನ ಜೊತೆ ಹೋದ ಸೂಪರ್‌ವೈಸರ್, ಪೊಲೀಸರ ಸಹವಾಸ ಬೇಡ ಅಂತ, ಡಾಕ್ಟರ್ ಮುಂದೆ "ಮೆಟ್ಟಿಲಿಂದ ಬಿದ್ದರು" ಅಂದುಬಿಟ್ಟ. ಚಿಕ್ಕಪ್ಪ ನೋವಲ್ಲಿ ಸುಮ್ನಿದ್ದರು. ಆ ಒಂದು ಸಾಲು ಸರಿ ಮಾಡಿಸೋಕೆ ಏಳು ತಿಂಗಳು ಅಲೆದೆವು.

ಎರಡನೆಯದು ಇಎಸ್‌ಐ, ಅಂದರೆ ಕೆಲಸಗಾರರಿಗೆ ಇರುವ ಸರ್ಕಾರಿ ವಿಮೆ. ತಿಂಗಳ ಸಂಬಳ 21,000 ರೂಪಾಯಿ ಒಳಗಿದ್ದರೆ ತಮ್ಮನ ಹೆಸರಿಗೆ ಇರಲೇಬೇಕು. ಕೆಲಸದಲ್ಲಿ ಅಪಘಾತದಿಂದ ಆದ ಗಾಯ ಅಂತ ಒಪ್ಪಿದರೆ, ರಜೆಯಲ್ಲಿದ್ದಷ್ಟು ದಿನ ಸಂಬಳದ ಸುಮಾರು ಶೇಕಡಾ 90ರಷ್ಟು ಬರುತ್ತೆ. ಆದರೆ ಇಎಸ್‌ಐ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಮನೆ ಪಕ್ಕದ ಕ್ಲಿನಿಕ್ ಚೀಟಿ ನಂಬಿಕೊಂಡು ಕೂರಬೇಡಿ.

"ಹೊಡೆದಾಟ ಅಪಘಾತ ಹೇಗಾಗುತ್ತೆ?" ಅಂತ ನಮಗೂ ದಬಾಯಿಸಿದ್ದರು. ಏಟು ತಿಂದವನ ಮಟ್ಟಿಗೆ ಅದು ಅಪಘಾತವೇ ಅಲ್ವಾ? 2000ದ ರೀತಾದೇವಿ ಪ್ರಕರಣದಲ್ಲಿ, ಆಟೊ ಕದಿಯೋಕೆ ಬಂದವರು ಡ್ರೈವರನ್ನು ಕೊಂದಿದ್ದನ್ನೂ ಸುಪ್ರೀಂ ಕೋರ್ಟ್ ಅಪಘಾತ ಅಂತಲೇ ನೋಡಿತು. ನಮ್ಮ ವಕೀಲರು ಇದನ್ನೇ ಹಿಡಿದರು. ಹೊಡೆದವನಿಗೂ ತಮ್ಮನಿಗೂ ಮೊದಲೇ ಜಗಳ ಇದ್ದಿದ್ದರೆ ಮಾತ್ರ ಕಥೆ ಬೇರೆ. ಗೇಟ್ ವಿಷಯಕ್ಕೇ ಆಗಿದ್ದು ಅಂತ ದೂರಿನಲ್ಲೂ ಬರೆಸಿ.

ಮಂಗಳೂರಿನಿಂದ: ನಾನು ಒಂದು ಕಾಂಪ್ಲೆಕ್ಸ್‌ನ ಮೇಂಟೆನೆನ್ಸ್ ನೋಡುವವನು. ಅಂದರೆ ನೀವು ಬೈಯುತ್ತಿರುವ ಕಡೆಯವನು! "ನಮ್ಮ ಕೆಲಸದವನಲ್ಲ" ಅನ್ನೋ ಮಾತು ಇಎಸ್‌ಐ ಮುಂದೆ ಅಷ್ಟು ಸುಲಭವಾಗಿ ನಡೆಯಲ್ಲ. ಏಜೆನ್ಸಿ ಇಎಸ್‌ಐ ದುಡ್ಡು ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಜಾಗದವರೇ ಮೊದಲು ಕಟ್ಟಬೇಕು, ಆಮೇಲೆ ಏಜೆನ್ಸಿಯಿಂದ ವಸೂಲಿ ಮಾಡಿಕೊಳ್ಳಬೇಕು. ನಮಗೆ ಒಂದು ಸಲ ನೋಟಿಸ್ ಬಂದ ಮೇಲೇ ಇದು ಗೊತ್ತಾಗಿದ್ದು. ಇಎಸ್‌ಐ ವ್ಯಾಪ್ತಿಗೇ ಬರದ ಕೆಲಸಗಾರರಿಗೆ ಕೆಲಸದಲ್ಲಾದ ಗಾಯಕ್ಕೆ ಮಾಲೀಕರಿಂದ ಹಣ ಕೊಡಿಸುವ 1923ರ ಪರಿಹಾರ ಕಾಯ್ದೆ ಇತ್ತು. ಅದರಲ್ಲೂ ತಮ್ಮ ವ್ಯಾಪಾರದ ಕೆಲಸವನ್ನು ಗುತ್ತಿಗೆ ಕೊಟ್ಟವರನ್ನು ಕೇಳುವ ದಾರಿ ಇತ್ತು. ಅಪಾರ್ಟ್‌ಮೆಂಟ್ ಗಾರ್ಡ್ ಆಗಿದ್ದರೆ "ನಮ್ಮದು ವ್ಯಾಪಾರ ಅಲ್ಲ" ಅಂತ ಸಂಘದವರು ವಾದ ಹೂಡುತ್ತಿದ್ದರು. ಮಾಲ್‌ಗೆ ಆ ನೆಪ ಇಲ್ಲ.

ಸಿಸಿಟಿವಿ ಮರೆಯಬೇಡಿ. ಜನ ಸೇರುವ ಜಾಗದವರು ರೆಕಾರ್ಡಿಂಗನ್ನು 30 ದಿನ ಇಡಬೇಕು ಅಂತ ಕರ್ನಾಟಕದಲ್ಲಿ 2017ರ ಕಾಯ್ದೆ ಇದೆ. ಆಮೇಲೆ ಹಳೆಯದರ ಮೇಲೆ ಹೊಸದು ಬಂದು ಕೂರುತ್ತೆ. ದಿನ, ಸಮಯ, ಯಾವ ಗೇಟ್ ಅಂತ ಬರೆದು ಈ ವಾರವೇ ಅರ್ಜಿ ಕೊಡಿ. ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಹುಬ್ಬಳ್ಳಿಯಿಂದ: ಸ್ಟೇಷನ್‌ನಲ್ಲಿ ಎನ್‌ಸಿಆರ್ (ಸಣ್ಣಪುಟ್ಟ ದೂರಿಗೆ ಕೊಡುವ ಚೀಟಿ) ಕೊಟ್ಟು ಕಳಿಸಿದರೆ ಒಪ್ಪಬೇಡಿ. ಮೂಳೆ ಮುರಿದರೆ ಅದು ತೀವ್ರ ಗಾಯ, ಎಫ್‌ಐಆರ್ ಆಗಲೇಬೇಕು. ಎಕ್ಸ್‌ರೇ ತಗೊಂಡು ಹೋಗಿ.

ಪ್ರಶ್ನೆ ಕೇಳಿದವರು: ಚೀಟಿ ತೆಗೆದು ನೋಡಿದೆ. "ಹಲ್ಲೆ" ಅಂತ ಬರೆದಿದ್ದಾರೆ, ಸದ್ಯ. ಎಲ್ಲಿ, ಡ್ಯೂಟಿಯಲ್ಲಿದ್ದನಾ ಅನ್ನೋದು ಇಲ್ಲ. ಸಂಬಳದ ಚೀಟಿ ಕೇಳಿದರೆ ಒಂದೂವರೆ ವರ್ಷದಿಂದ ಒಂದೂ ಕೊಟ್ಟಿಲ್ಲವಂತೆ. ನಾಳೆ ಇಎಸ್‌ಐ ಆಫೀಸಿಗೆ ಆಧಾರ್ ತಗೊಂಡು ಹೋಗ್ತೀವಿ.