ಕರಟದ ಆಕ್ಟಿವೇಟೆಡ್ ಕಾರ್ಬನ್ ಬಣ್ಣ ಹೀರುತ್ತಿಲ್ಲ, ಎಲ್ಲಿ ತಪ್ಪಿದೆ?

ಪ್ರಶ್ನೆ
ತಿಪಟೂರು ಕಡೆಯ ಉಂಡೆ ಕೊಬ್ಬರಿ ಬಿಡಿಸಿದ ಕರಟ. ಅದರಿಂದ ಆಕ್ಟಿವೇಟೆಡ್ ಕಾರ್ಬನ್ (ಬಣ್ಣ, ವಾಸನೆ ಹೀರುವ, ಸೂಕ್ಷ್ಮ ರಂಧ್ರಗಳ ಇದ್ದಿಲು) ಮಾಡಲು ಹೊರಟಿದ್ದೇವೆ. ಮಫಲ್ ಫರ್ನೇಸಿನಲ್ಲಿ (ಲ್ಯಾಬಿನ ಮುಚ್ಚಿದ ಕುಲುಮೆ) 600 ಡಿಗ್ರಿಗೆ ಇದ್ದಿಲು ಮಾಡಿ, ಆಮೇಲೆ ಫಾಸ್ಫಾರಿಕ್ ಆಸಿಡ್‌ನಲ್ಲಿ ಒಂದು ದಿನ ನೆನೆಸಿ ತೊಳೆದಿದ್ದೇವೆ. ಮೇಲೆಲ್ಲ ಬೂದಿ. ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಕಲಸಿದ ನೀರಿಗೆ ಈ ಇದ್ದಿಲು ಹಾಕಿದರೆ ನೀಲಿ ಹಾಗೇ ಉಳಿಯುತ್ತದೆ. ಕಾರಣ ಏನು ಸರ್?

ಉತ್ತರ 1
ಕ್ರಮ ಹಿಂದುಮುಂದಾಗಿದೆ. ಫಾಸ್ಫಾರಿಕ್ ಆಸಿಡ್ ಕೆಲಸ ಮಾಡುವುದು ಇನ್ನೂ ಸುಡದ ಕರಟದ ಮರದಂಶಗಳಾದ ಸೆಲ್ಯುಲೋಸ್, ಲಿಗ್ನಿನ್ ಮೇಲೆ. ಇದ್ದಿಲಾದ ಮೇಲೆ ನೆನೆಸಿದರೆ ಅದಕ್ಕೆ ಹಿಡಿತವೇ ಸಿಗುವುದಿಲ್ಲ.

ನಾರು ಕೆರೆದು, ಕರಟವನ್ನು 1–2 ಮಿ.ಮೀ. ಚೂರು ಮಾಡಿ, ತೊಳೆದು 110 ಡಿಗ್ರಿಯಲ್ಲಿ ಒಣಗಿಸಿ. 100 ಗ್ರಾಂ ಚೂರಿಗೆ 85% ಆಸಿಡ್ 70 ಮಿ.ಲೀ. ಸಾಕು, ಅಷ್ಟರಲ್ಲಿ ಸುಮಾರು 100 ಗ್ರಾಂ ಶುದ್ಧ ಆಸಿಡ್ ಇರುತ್ತದೆ. ಅಷ್ಟೇ ನೀರಿಗೆ ಆಸಿಡ್ ಸುರಿದು (ಆಸಿಡ್‌ಗೆ ನೀರು ಸುರಿಯಬೇಡಿ) ಚೂರನ್ನು ರಾತ್ರಿಯಿಡೀ ನೆನೆಸಿ, 110 ಡಿಗ್ರಿಯಲ್ಲಿ ಒಣಗಿಸಿ. ಈಗ ಚೂರುಗಳು ಟಾರು ಬಳಿದ ಹಾಗೆ ಕಪ್ಪಾಗಿ, ಜಿಗುಟಾಗಿರಬೇಕು. ಕ್ರೂಸಿಬಲ್ (ಬಿಸಿ ತಡೆಯುವ ಬಟ್ಟಲು) ಅರ್ಧ ಮಾತ್ರ ತುಂಬಿ, ಮುಚ್ಚಳ ಹಾಕಿ, ನಿಮಿಷಕ್ಕೆ 5 ಡಿಗ್ರಿಯಂತೆ 450ಕ್ಕೆ ಏರಿಸಿ ಒಂದು ಗಂಟೆ ಇಡಿ. ನಿಮ್ಮದು ಬೂದಿಯಾಗಿದ್ದು ಗಾಳಿ ಹೊಕ್ಕಿದ್ದರಿಂದ. ಪೂರ್ತಿ ತಣಿಯುವವರೆಗೆ ಮುಚ್ಚಳ ತೆಗೆಯಲೇಬೇಡಿ, ಬಿಸಿ ಕಾರ್ಬನ್ ಗಾಳಿ ತಾಕಿದ ಕೂಡಲೇ ಉರಿಯುತ್ತದೆ.

ಉತ್ತರ 2
ಸುಟ್ಟು ತಣಿದ ಕಾರ್ಬನ್ ತೊಳೆಯುವುದರಲ್ಲೇ ಬಹಳ ಜನ ಎಡವುತ್ತಾರೆ. ತಣ್ಣೀರು ಸಾಲದು, ಬಿಸಿ ಡಿಸ್ಟಿಲ್ಡ್ ನೀರೇ ಬೇಕು. ರಂಧ್ರದೊಳಗೆ ಕೂತ ಫಾಸ್ಫೇಟ್ ಕರಗಿ ಹೊರಬಂದರೇ ಜಾಗ ತೆರೆಯುವುದು. ತೊಳೆದ ನೀರಿನ ಪಿಎಚ್ (ಆಮ್ಲದ ಅಳತೆ, ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 6 ಬಂತೆಂದು ನಿಲ್ಲಿಸಬೇಡಿ. ರಾತ್ರಿ ನೀರಲ್ಲೇ ಬಿಟ್ಟು ಬೆಳಿಗ್ಗೆ ನೋಡಿ. ಒಳಗಿನ ಆಸಿಡ್ ಬಿಟ್ಟುಕೊಂಡು ಪಿಎಚ್ ಮತ್ತೆ ಇಳಿದಿದ್ದರೆ ಇನ್ನೆರಡು ಸಲ ತೊಳೆಯಿರಿ.

ಪರೀಕ್ಷೆಗೆ ಲೀಟರಿಗೆ 100 ಮಿ.ಗ್ರಾಂ. ಇರುವ ಮೆಥಿಲೀನ್ ಬ್ಲೂ 100 ಮಿ.ಲೀ., ಕಾರ್ಬನ್ 0.1 ಗ್ರಾಂ. ಫಿಲ್ಟರ್ ಪೇಪರ್ ತಾನೇ ಬಣ್ಣ ಕುಡಿಯುತ್ತದೆ, ಅದಕ್ಕೇ ಸೆಂಟ್ರಿಫ್ಯೂಜ್ ಮಾಡಿ (ವೇಗವಾಗಿ ತಿರುಗಿಸಿ ಕಾರ್ಬನ್ ಕೆಳಗೆ ಕೂರಿಸಿ), ತಿಳಿನೀರನ್ನು ತೆಳು ಮಾಡಿ, ಎಷ್ಟು ಬಣ್ಣ ಉಳಿದಿದೆ ಎಂದು ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 664 ನ್ಯಾನೋಮೀಟರ್ ಬೆಳಕಿನಲ್ಲಿ ಓದಿ. ಲೀಟರಿಗೆ 20 ಮಿ.ಗ್ರಾಂ. ಉಳಿದರೆ, ಗ್ರಾಂ ಕಾರ್ಬನ್ನಿಗೆ 80 ಮಿ.ಗ್ರಾಂ. ಬಣ್ಣ ಹೀರಿದೆ ಎಂದರ್ಥ.

ಪ್ರಶ್ನೆ ಕೇಳಿದವರು
ಇದನ್ನೇ ಪಾವಗಡ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್‌ಗೆ ಬಳಸಬಹುದೇ?

ಉತ್ತರ 1
ದಯವಿಟ್ಟು ಬೇಡ. ಬಣ್ಣ, ವಾಸನೆ, ಕ್ಲೋರಿನ್‌ಗೆ ಕಾರ್ಬನ್ ಒಳ್ಳೆಯದು, ಫ್ಲೋರೈಡ್ ಅದಕ್ಕೆ ಅಷ್ಟಾಗಿ ಅಂಟುವುದಿಲ್ಲ. ಅದಕ್ಕೆ ಆಕ್ಟಿವೇಟೆಡ್ ಅಲ್ಯೂಮಿನಾ ಅಥವಾ ಆರ್‌ಒ ಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್‌ನ ಗರಿಷ್ಠ ಮಿತಿ ಲೀಟರಿಗೆ 1.5 ಮಿ.ಗ್ರಾಂ.; ಲ್ಯಾಬಿನಲ್ಲಿ ಅಳೆಸದೆ ಯಾರಿಗೂ ಕೊಡಬೇಡಿ.