ಊರ ಕೆರೆಯ ಹಕ್ಕಿ ಗಣತಿ: ಹೊಸಬರ ಪಟ್ಟಿಯಿಂದ ಸಂಶೋಧನೆಗೆ ಉಪಯೋಗವಿದೆಯೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಶಿಕ್ಷಕಿ. ಪ್ರತಿ ಜನವರಿಯಲ್ಲಿ ನಡೆಯುವ ಏಷ್ಯಾದ ನೀರುಹಕ್ಕಿ ಗಣತಿಗೆ ನಮ್ಮೂರ ಕೆರೆಯನ್ನೂ ಸೇರಿಸಬೇಕೆಂದಿದ್ದೇನೆ. ನಾಮದಕೋಳಿ, ಗುಳುಮುಳುಕ, ನೀರುಕಾಗೆ, ಹೆಜ್ಜಾರ್ಲೆಗಳನ್ನು ಸಂಶಯವಿಲ್ಲದೆ ಗುರುತಿಸಬಲ್ಲೆ. ಆದರೆ ಚಳಿಗಾಲಕ್ಕೆ ಬರುವ ಬಾತುಗಳು ಮತ್ತು ಕೆಸರಿನಂಚಿನಲ್ಲಿ ಓಡಾಡುವ ಗೊರವಗಳ ವಿಷಯದಲ್ಲಿ ನನಗೆ ಇನ್ನೂ ಗೊಂದಲವಿದೆ. ಇಷ್ಟೇ ತಿಳಿವಳಿಕೆಯಿಂದ ಮಾಡಿದ ಪಟ್ಟಿ ಸಂಶೋಧಕರನ್ನು ದಾರಿ ತಪ್ಪಿಸುವುದಿಲ್ಲವೇ? ಅಪರೂಪದ ಹಕ್ಕಿ ಒಂದೂ ಇಲ್ಲದ ಕೆರೆಯ ಲೆಕ್ಕ ಯಾರಿಗಾದರೂ ಬೇಕಾಗುತ್ತದೆಯೇ? ಮಕ್ಕಳನ್ನು ಜೊತೆಗೆ ಕರೆದೊಯ್ಯಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ 1

ಮೇಡಂ, ಖಂಡಿತ ಬೇಕು. ಅಪರೂಪದ ಹಕ್ಕಿ ಕಂಡರೆ ಹತ್ತಾರು ಜನ ಕ್ಯಾಮೆರಾ ಹಿಡಿದು ಓಡಿ ಬರುತ್ತಾರೆ. ಸಾಮಾನ್ಯ ಕೆರೆಯೊಂದರಲ್ಲಿ ಸಾಮಾನ್ಯ ಹಕ್ಕಿಗಳನ್ನು ವರ್ಷ ವರ್ಷವೂ ಎಣಿಸುವವರೇ ಕಡಿಮೆ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯು 942 ಪ್ರಭೇದಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರವಾದದ್ದು 30,000ಕ್ಕೂ ಹೆಚ್ಚು ಹಕ್ಕಿವೀಕ್ಷಕರು ಹಕ್ಕಿ ದಾಖಲೆಗಳ ಜಾಲತಾಣವಾದ ಈಬರ್ಡ್‌ಗೆ ಸಲ್ಲಿಸಿದ ಸುಮಾರು ಮೂರು ಕೋಟಿ ದಾಖಲೆಗಳು. ನಮ್ಮ ರಾಜ್ಯಪಕ್ಷಿ ನೀಲಕಂಠದ ಸಂಖ್ಯೆ ಇಳಿಯುತ್ತಿದೆ ಎಂಬುದು ಸ್ಪಷ್ಟವಾಗಿ ತೋರಿದ್ದು ಇಂಥ ದಾಖಲೆಗಳಿಂದಲೇ. ವಿದ್ಯುತ್ ತಂತಿಯ ಮೇಲೆ ಕುಳಿತ ಹಕ್ಕಿಯನ್ನು ‘ಇದೇನು ಮಹಾ’ ಎಂದುಕೊಳ್ಳದೆ ಬರೆದಿಟ್ಟವರಿಗೆ ಅದರ ಶ್ರೇಯಸ್ಸು ಸಲ್ಲಬೇಕು.

ಇಲ್ಲಿ ಮುಖ್ಯವಾದದ್ದು ಪಟ್ಟಿ ಪೂರ್ಣವಾಗಿರುವುದು. ಪೂರ್ಣ ಎಂದರೆ ಕೆರೆಯ ಹಕ್ಕಿಗಳೆಲ್ಲವನ್ನೂ ಕಂಡಿರಬೇಕೆಂದಲ್ಲ. ತಾವು ಕಂಡು ಅಥವಾ ಕೇಳಿ ಗುರುತಿಸಿದ ಯಾವ ಹಕ್ಕಿಯನ್ನೂ ಬೇಕೆಂದೇ ಬಿಟ್ಟಿಲ್ಲ ಎಂದು. ಕಾಗೆ, ಮೈನಾಗಳನ್ನು ಬರೆಯದೆ ಬಿಟ್ಟರೆ, ಮುಂದೆ ಅವು ನಿಜವಾಗಿಯೂ ಕಡಿಮೆಯಾದಾಗ, ಹಕ್ಕಿಯೇ ಇರಲಿಲ್ಲವೋ ನೋಡಿದವರು ಬರೆಯಲಿಲ್ಲವೋ ಎಂಬುದನ್ನು ತಿಳಿಯುವ ದಾರಿಯೇ ಇರುವುದಿಲ್ಲ. ನೂರು ಪೂರ್ಣ ಪಟ್ಟಿಗಳಲ್ಲಿ ಒಂದು ಹಕ್ಕಿ ಎಷ್ಟರಲ್ಲಿ ಕಾಣಿಸಿತು ಎಂಬುದರ ಏರಿಳಿತವನ್ನೇ ಸಂಶೋಧಕರು ಮುಖ್ಯವಾಗಿ ನೋಡುತ್ತಾರೆ. ಆದ್ದರಿಂದ ಆರಂಭಿಸಿದ ಸಮಯ, ಕಳೆದ ಅವಧಿ, ನಡೆದ ದೂರ ಇವೂ ದಾಖಲಾಗಬೇಕು.

ಗುರುತು ಸಿಗದ ಹಕ್ಕಿಯನ್ನು ಊಹಿಸಿ ಹೆಸರಿಸಬೇಡಿ. ‘ಯಾವುದೋ ಬಾತು’ ಎಂದು ದಾಖಲಿಸಲು ಈಬರ್ಡ್‌ನಲ್ಲಿ ಅವಕಾಶವಿದೆ, ಅದು ಪ್ರಾಮಾಣಿಕವಾದ ಮಾಹಿತಿಯೂ ಹೌದು. ಅಸಾಮಾನ್ಯವೆನಿಸುವ ದಾಖಲೆಗಳನ್ನು ಆಯಾ ಪ್ರದೇಶದ ಹಕ್ಕಿಗಳನ್ನು ಬಲ್ಲ ಸ್ವಯಂಸೇವಕರೇ ಪರಿಶೀಲಿಸುತ್ತಾರೆ. ಅವರು ಫೋಟೋ ಅಥವಾ ವಿವರ ಕೇಳಿದರೆ ಅದನ್ನು ಅನುಮಾನವೆಂದು ತಿಳಿಯಬಾರದು. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ಎಣಿಕೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಾಮದಕೋಳಿಗಳ ದೊಡ್ಡ ಗುಂಪನ್ನು ಒಂದೊಂದಾಗಿ ಎಣಿಸಹೊರಟರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಕೆಲವು ಮುಳುಗಿರುತ್ತವೆ, ಕೆಲವು ಜೊಂಡಿನೊಳಗೆ ಸರಿದಿರುತ್ತವೆ. ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅವು ನೀರಿನ ಮೇಲೆ ಎಷ್ಟು ಜಾಗ ಹಿಡಿದಿವೆ ಎಂಬುದನ್ನು ಕಣ್ಣಿಗೆ ರೂಢಿ ಮಾಡಿಕೊಂಡು, ಅಂಥ ಎಷ್ಟು ಹತ್ತುಗಳಿವೆ ಎಂದು ಗುಂಪಿನ ಉದ್ದಕ್ಕೂ ನೋಡುತ್ತಾ ಹೋಗಿ. ಏರಿಯ ಮೇಲೆ ಸೂರ್ಯ ಬೆನ್ನಿಗಿರುವಂತೆ ನಿಲ್ಲುವುದು ಒಳ್ಳೆಯದು. ಎದುರು ಬೆಳಕಿನಲ್ಲಿ ಬಾತುಗಳೆಲ್ಲ ಕಪ್ಪಾಗಿಯೇ ಕಾಣುತ್ತವೆ.

ಈ ಸಂಖ್ಯೆಗಳಿಗೆ ಕಾನೂನು, ಆಡಳಿತಗಳ ಮಟ್ಟದಲ್ಲೂ ತೂಕವಿದೆ. ಒಂದು ಪ್ರಭೇದದ ಒಟ್ಟು ಸಂಖ್ಯೆಯ ಶೇಕಡಾ 1ರಷ್ಟು ನೀರುಹಕ್ಕಿಗಳು ಒಂದೆಡೆ ನಿಯಮಿತವಾಗಿ ಸೇರುತ್ತಿದ್ದರೆ ಅದು ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ಪಟ್ಟಿಗೆ, ಸೇರಲು ಇರುವ ಮಾನದಂಡಗಳಲ್ಲೊಂದು. 2024ರಲ್ಲಿ ಆ ಪಟ್ಟಿಗೆ ಸೇರಿದ ವಿಜಯನಗರ ಜಿಲ್ಲೆಯ ಅಂಕಸಮುದ್ರ ಮೂಲತಃ ಹಳ್ಳಿಯ ನೀರಾವರಿ ಕೆರೆಯೇ. ನಮ್ಮೂರ ಕೆರೆ ಆ ಮಟ್ಟಕ್ಕೆ ಏರದಿದ್ದರೂ, ನಾಳೆ ಅಲ್ಲಿ ಒತ್ತುವರಿಯಾದಾಗ ಅಥವಾ ಕೊಳಚೆ ಹರಿದಾಗ ಪಂಚಾಯಿತಿಯ ಮುಂದಿಡಲು ಹಲವು ವರ್ಷಗಳ ಲೆಕ್ಕ ಕೈಯಲ್ಲಿರಬೇಕಲ್ಲವೇ?

ಉತ್ತರ 3

ಮಕ್ಕಳನ್ನು ಕರೆದೊಯ್ಯಿರಿ, ಆದರೆ ಒಮ್ಮೆಗೆ ಸಣ್ಣ ಗುಂಪು ಸಾಕು. ಒಬ್ಬರು ಎಣಿಸಲಿ, ಒಬ್ಬರು ಬರೆದುಕೊಳ್ಳಲಿ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿ ಎಣಿಕೆಗೆ ಹದಿನೈದು ನಿಮಿಷದ ಪಟ್ಟಿಯೂ ಸಾಕಾಗುವುದರಿಂದ, ಅದನ್ನು ಶಾಲೆಯ ಅಂಗಳದಲ್ಲಿಯೇ ಮಾಡಿಸಬಹುದು.

ತಮ್ಮ ಜಿಲ್ಲೆಯವರಿಗೆ ಕೊಕ್ಕರೆ ಬೆಳ್ಳೂರಿನ ಉದಾಹರಣೆ ಹತ್ತಿರದಲ್ಲೇ ಇದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳ ಮೇಲೆ ಗೂಡು ಕಟ್ಟುತ್ತವೆ. ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿಗಳನ್ನು ಊರಿನ ಹೆಜ್ಜಾರ್ಲೆ ಬಳಗದವರು ಮೀನು ತಿನ್ನಿಸಿ ಸಾಕಿದ್ದಾರೆ. ಎಣಿಕೆಯಷ್ಟೇ ಸ್ವಯಂಸೇವೆಯಲ್ಲ ಎಂಬುದನ್ನು ಮಕ್ಕಳು ಅಲ್ಲಿ ಕಣ್ಣಾರೆ ನೋಡಬಹುದು.

ಗೂಡುಗಳ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಟಿಟ್ಟಿಭ ಬರೀ ನೆಲದ ಮೇಲೆ, ಕಲ್ಲುಗಳ ನಡುವೆ ಕಲ್ಲಿನಂತೆಯೇ ಕಾಣುವ ಮೊಟ್ಟೆಯಿಡುತ್ತದೆ. ಅದು ತಲೆಯ ಮೇಲೆ ಸುತ್ತುತ್ತಾ ಕೂಗತೊಡಗಿದರೆ, ಮೊಟ್ಟೆ ಹುಡುಕದೆ, ಕಾಲ ಕೆಳಗೆ ನೋಡಿಕೊಂಡು ಬಂದ ದಾರಿಯಲ್ಲೇ ಹಿಂದೆ ಸರಿಯಬೇಕು. ಗೂಡಿನ ಫೋಟೋವನ್ನಾಗಲಿ ಜಾಗವನ್ನಾಗಲಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಬಾರದೆಂದು ಮಕ್ಕಳಿಗೆ ಹೊರಡುವ ಮೊದಲೇ ಹೇಳಿಡಿ. ಜನವರಿಯ ಗಣತಿಗೆ ರಾಜ್ಯ ಸಂಯೋಜಕರಿರುತ್ತಾರೆ. ಡಿಸೆಂಬರಿನಲ್ಲೇ ಅವರಿಗೆ ಕೆರೆಯ ಹೆಸರು ತಿಳಿಸಿದರೆ ಬೇರೆ ಯಾರಾದರೂ ಅದನ್ನು ಈಗಾಗಲೇ ಎಣಿಸುತ್ತಿದ್ದಾರೆಯೇ ಎಂಬುದು ಗೊತ್ತಾಗುತ್ತದೆ.