ಪದಚರ್ಚೆ: ಇನರ್ಶಿಯಲ್ ಫ್ಯೂಷನ್‌ಗೆ ಏನನ್ನೋದು? (ಅರ್ಜೆಂಟ್)

ಎಲ್ರಿಗೂ ನಮಸ್ಕಾರ. ಶಾಲೆ ವಿಜ್ಞಾನ ಪ್ರದರ್ಶನಕ್ಕೆ ಫ್ಲೆಕ್ಸ್ ಬರೀತಿದೀನಿ, ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರಿಂಟಿಗೆ ಕೊಡ್ಬೇಕು. ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಇದೆಯಲ್ಲ, 192 ಲೇಸರ್ ಕಿರಣ ಒಟ್ಟಿಗೆ ಬಿಟ್ಟು ಹೈಡ್ರೋಜನ್ ಪರಮಾಣುಗಳ ನ್ಯೂಕ್ಲಿಯಸ್‌ಗಳನ್ನ ಬೆಸೆದು (ಅದೇ ಫ್ಯೂಷನ್) 2022ರ ಡಿಸೆಂಬರ್ 5ರಂದು 2.05 ಮೆಗಾಜೂಲ್ ಶಕ್ತಿ ಕೊಟ್ಟು 3.15 ತೆಗೆದ್ರಲ್ಲ, ಅದರ ಬಗ್ಗೆ. ನಾನು ಹಾಕಿರೋದು "ರಾಷ್ಟ್ರೀಯ ದಹನ ಸೌಲಭ್ಯ", "ಜಡತ್ವ ಸಮ್ಮಿಲನ". ನಡಿಯತ್ತಾ?

> ನಡಿಯತ್ತಾ?

ಇಲ್ಲ. ದಹನ ಸೌಲಭ್ಯ ಅಂದ್ರೆ ಪಾಲಿಕೆಯ ವಿದ್ಯುತ್ ಚಿತಾಗಾರ. ಸಮ್ಮಿಲನ ಅಂದ್ರೆ ಹಳೇ ವಿದ್ಯಾರ್ಥಿಗಳದ್ದು, ಮಧ್ಯಾಹ್ನ ಊಟ ಇರತ್ತೆ. ಬೆಸೆ ಅನ್ನೋ ಅಚ್ಚಗನ್ನಡ ಧಾತು ಇನ್ನೂ ಸತ್ತಿಲ್ಲ, "ಲೇಸರ್ ಬೆಸುಗೆ" ಅನ್ನಿ, ಮುಗೀತು.

> "ಲೇಸರ್ ಬೆಸುಗೆ"

ಪೀಣ್ಯಕ್ಕೆ ಒಂದ್ಸಲ ಹೋಗ್ಬನ್ನಿ ಸಾರ್, ಲೇಸರ್ ಬೆಸುಗೆ ಹಾಕಿ ಸ್ಟೀಲ್ ಗೇಟ್ ಮಾಡ್ಕೊಡ್ತಾರೆ.

ಫೆಸಿಲಿಟಿಗೆ ಕೇಂದ್ರ ಅಂದ್ರೆ ಸಾಕು. ಇಗ್ನಿಷನ್‌ಗೆ ದಹನ ಬೇಡ, "ಹೊತ್ತಿಕೊಳ್ಳೋದು" ಅಂತ್ಲೇ ಬರೀರಿ. ಹಸಿ ಸೌದೆ ಒಲೆ ನೋಡಿದೀರಲ್ಲ, ಊದುಗೊಳವೇಲಿ ಊದ್ತಾ ಇರೋವರೆಗೂ ಕೆಂಪಗಾಗತ್ತೆ, ಬಿಟ್ಟ ತಕ್ಷಣ ಬರೀ ಹೊಗೆ, ಆಮೇಲೆ ಯಾವಾಗ್ಲೋ ಒಂದ್ಸಲ ಭಗ್ ಅಂತ ತಾನೇ ಹಿಡ್ಕೊಳತ್ತೆ. ಅಲ್ಲೂ ಅದೇ, ಎರಡು ಮಿಲಿಮೀಟರ್ ಗುಂಡಿನೊಳಗಿರೋ ಡ್ಯುಟೀರಿಯಂ ಟ್ರಿಟಿಯಂ (ಎರಡೂ ಭಾರದ ಹೈಡ್ರೋಜನ್) ಬೆಸೆದಾಗ ಹುಟ್ಟೋ ಆಲ್ಫಾ ಕಣಗಳೇ, ಅಂದ್ರೆ ಹೀಲಿಯಂ ನ್ಯೂಕ್ಲಿಯಸ್‌ಗಳೇ, ಉಳಿದ ಇಂಧನವನ್ನ ಕಾಯಿಸ್ಬೇಕು, ಲೇಸರ್ ಅಷ್ಟೊತ್ತಿಗೆ ಮುಗ್ದಿರತ್ತೆ. ಲೇಸರ್ ಹೊತ್ತಿಸೋದು, ಇಂಧನ ಹೊತ್ತಿಕೊಳ್ಳೋದು. ಈ ವ್ಯತ್ಯಾಸ ದಹನದಲ್ಲಿ ಎಲ್ಲಿದೆ?

ಅದಿರಲ್ರಿ, ಜಡತ್ವಕ್ಕ ಯಾರೂ ಏನೂ ಅನ್ನವಲ್ಲರಿ. ನಮ್ಮ ಧಾರವಾಡ ಕಡೆ ಜಡ್ಡು ಅಂದ್ರ ರೋಗ. ಜಡತ್ವ ಸಮ್ಮಿಲನ ಅಂದ್ರ ಆಸ್ಪತ್ರಿ ವಾರ್ಡ್ ಆತು ನೋಡ್ರಿ.

> ಜಡ್ಡು ಅಂದ್ರ ರೋಗ

ಇಂಗ್ಲಿಷಿನ ಇನರ್ಶಿಯಾ ಏನು ದೊಡ್ಡ ಸಾಚಾನಾ, ಲ್ಯಾಟಿನ್‌ನಲ್ಲಿ ಇನರ್ಸ್ ಅಂದ್ರೆ ಕೈಲಾಗದವನು, ಸೋಮಾರಿ, ಕೆಪ್ಲರ್ ಅದನ್ನೇ ತಂದು ಭೌತಶಾಸ್ತ್ರಕ್ಕೆ ಹಾಕಿದ. ಜಡತ್ವ ಅದಕ್ಕೆ ತಕ್ಕ ಜೋಡಿ, ಪಠ್ಯದಲ್ಲೂ ಇದೆ, ಮುಟ್ಬೇಡಿ. ಇಲ್ಲಿ ಹಿಡಿದಿಡೋಕೆ ಅಯಸ್ಕಾಂತ ಇಲ್ಲ, ಇಂಧನ ಸಿಡಿದು ಚೆದುರೋಕೆ ಅದರ ಜಡತ್ವವೇ ಒಂಚೂರು ತಡ ಮಾಡತ್ತೆ, ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಿಗಿಂತ ಕಮ್ಮಿ, ಅಷ್ಟರೊಳಗೆ ಉರಿದುಬಿಡ್ಬೇಕು. ಸೋಮಾರಿತನದಿಂದಾನೇ ಕೆಲ್ಸ ಆಗೋದು!

ಇನ್ನು ಅಚ್ಚಗನ್ನಡದವರಿಗೆ: ಆ ಗುಂಡನ್ನ ಇಡೋ ಬೆರಳ ತುದಿಯಷ್ಟಿರೋ ಚಿನ್ನದ ಕೊಳವೆಗೆ ಅಮೆರಿಕದವರೂ ಹೋಲ್‌ರೌಮ್ (ಟೊಳ್ಳು ಜಾಗ) ಅಂತ ಜರ್ಮನ್ ಪದಾನೇ ಇಟ್ಕೊಂಡಿದಾರೆ. ಅವರ ಇಂಗ್ಲಿಷ್ ಸತ್ತೋಯ್ತಾ?

ಅವರು ಒಂದು ಪದ ತಗೊಂಡ್ರು, ನೀವು ಅಕ್ಷರಮಾಲೆ ಬಿಟ್ಟು ಎಲ್ಲಾ ತಗೊಂಡಿದೀರಿ. ಹೋಲ್‌ರೌಮ್‌ಗೆ "ಪೊಟರೆ" ಇದೆ. ಗಿಳಿಗೆ ಗೊತ್ತು, ನಿಮಗೆ ಗೊತ್ತಿಲ್ಲ.

ಪೊಟರೆ ಮರದಲ್ಲಿರೋದು. ಚಿನ್ನದಲ್ಲಲ್ಲ.

ಎಲ್ರಿಗೂ ಥ್ಯಾಂಕ್ಸ್. ಕೊನೆಗೆ "ಜಡತ್ವ ಸಮ್ಮಿಲನ: ಇಂಧನ ತಾನೇ ಹೊತ್ತಿಕೊಂಡ ದಿನ" ಅಂತ ಕೊಟ್ಟೆ, ಹೆಸರು ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ ಅಂತ್ಲೇ ಇಟ್ಟೆ. ಕೆಳಗೆ ಸಣ್ಣಕ್ಷರದಲ್ಲಿ ಆ ಲೇಸರ್ ಓಡ್ಸೋಕೆ ಕರೆಂಟು ಸುಮಾರು 300 ಮೆಗಾಜೂಲ್ ಬೇಕಾಯ್ತು ಅಂತಾನೂ ಸೇರ್ಸಿದೀನಿ, ಮಕ್ಳು ಕೇಳೇ ಕೇಳ್ತಾರೆ. ಪ್ರಿಂಟಾಯ್ತು.

ಸಮ್ಮಿಲನ ಅಲ್ಲ ಮೇಡಂ, ಸಮ್ಮಿಳನ.